ಡೆಡ್‌ಲೈನ್ (1982) ಆಡ್ತಿದೀವಿ, ಎರಡು ಸಲ ಸಂಜೆ 8 ಗಂಟೆ ಆಯ್ತು, ಕೊಲೆಗಾರ ಸಿಕ್ಕಿಲ್ಲ. ಸ್ಪಾಯ್ಲರ್ ಇಲ್ದೆ ದಾರಿ ತೋರಿಸಿ

ಕಾಫಿಪುಡಿ:

ಎಲ್ರಿಗೂ ನಮಸ್ಕಾರ. ನಮ್ಮಮ್ಮಂಗೆ ಮಂಡಿ ಆಪರೇಷನ್ ಆಗಿ ಮನೇಲೇ ಇದಾರೆ, ಇನ್ನೂ ಮೂರ್ ವಾರ ಜಾಸ್ತಿ ಓಡಾಡೋ ಹಾಗಿಲ್ಲ. ಪತ್ತೇದಾರಿ ಕಾದಂಬರಿ ಅಂದ್ರೆ ಪ್ರಾಣ ಅವ್ರಿಗೆ, ಇದ್ದಿದ್ದೆಲ್ಲಾ ಓದಿ ಮುಗಿಸಿಬಿಟ್ರು. ಟಿವಿ ಸೀರಿಯಲ್ ಬೇಡ ಅಂದ್ರು. ಆಗ ನನ್ ಫ್ರೆಂಡ್ ಒಬ್ಳು ಹೇಳಿದ್ಳು, ಹಳೇ ಕಾಲದ ಟೆಕ್ಸ್ಟ್ ಗೇಮ್ ಇದೆ, ಚಿತ್ರ ಗಿತ್ರ ಏನೂ ಇಲ್ಲ, ಬರೀ ಅಕ್ಷರ, ನೀನೇ ಪತ್ತೇದಾರ, ಏನ್ ಮಾಡ್ಬೇಕು ಅಂತ ಟೈಪ್ ಮಾಡಿದ್ರೆ ಏನಾಯ್ತು ಅಂತ ಅದು ಬರೆದು ಹೇಳುತ್ತೆ, ಅಂತ. ಸರಿ ಅಂತ ಫೋನಲ್ಲಿ ಫ್ರಾಟ್ಜ್ ಅನ್ನೋ, ಇಂಥ ಹಳೇ ಆಟ ಓಡಿಸೋ ಆಪ್ ಹಾಕೊಂಡು ಡೆಡ್‌ಲೈನ್ ಶುರು ಮಾಡಿದ್ವಿ. ನಾನು ಇಂಗ್ಲಿಷಲ್ಲಿ ಬಂದಿದ್ದನ್ನ ಕನ್ನಡದಲ್ಲಿ ಓದಿ ಹೇಳ್ತೀನಿ, ಅಮ್ಮ ಕಣ್ ಮುಚ್ಕೊಂಡು ಕೇಳ್ತಾರೆ, ಆಮೇಲೆ "ಆ ಮನೆಕೆಲಸದವ್ಳನ್ನ ಕೇಳು, ರಾತ್ರಿ ಎಷ್ಟೊತ್ತಿಗೆ ಮಲಗಿದ್ಳು ಅಂತ" ಅಂತಾರೆ, ನಾನು ಟೈಪ್ ಮಾಡ್ತೀನಿ. ಇಷ್ಟು ಖುಷಿ ಆಗುತ್ತೆ ಅಂತ ನಿಜವಾಗ್ಲೂ ಅನ್ಕೊಂಡಿರ್ಲಿಲ್ಲ.

ತೊಂದ್ರೆ ಏನಂದ್ರೆ ಎಲ್ಲೂ ಮುಂದಕ್ಕೆ ಹೋಗ್ತಿಲ್ಲ. ಮನೆ ಒಳಗ್ ಹೋದ್ವಿ, ಮನೆಕೆಲಸದ ಮಿಸೆಸ್ ರೂರ್ಕ್ ಬಾಗಿಲು ತೆಗೆದ್ಳು, ಮಹಡಿ ಮೇಲಿನ ಲೈಬ್ರರಿ ಪೂರ್ತಿ ಹುಡುಕಿದ್ವಿ, ಟೀ ಕಪ್ಪನ್ನ ಸಾರ್ಜೆಂಟ್ ಡಫಿ ಕೈಗೆ ಕೊಟ್ಟು ಲ್ಯಾಬಿಗೆ ಕಳ್ಸಿದ್ವಿ. ಆಮೇಲೆ ಸಿಕ್ಕಿದವ್ರನ್ನೆಲ್ಲಾ ಸತ್ತಿರೋ ಯಜಮಾನ ರಾಬ್ನರ್ ಬಗ್ಗೆ ಕೇಳಿದ್ವಿ, ಎಲ್ರೂ ಒಳ್ಳೇವ್ರ ಥರಾನೇ ಮಾತಾಡ್ತಾರೆ. ಮೊದಲ್ನೇ ಸಲ ಹಾಗೇ ಸಂಜೆ 8 ಆಗಿ ಕೇಸ್ ಮುಗೀತು. ಎರಡನೇ ಸಲ ಅಮ್ಮ ರಾಬ್ನರ್ ಮಗನ ಮೇಲೆ ಅನುಮಾನ ಅಂದ್ರು, ಅರೆಸ್ಟ್ ಮಾಡಿದ್ವಿ, ಕೇಸ್ ನಿಲ್ಲಲಿಲ್ಲ. ಇನ್ನೊಂದು, ಅಮ್ಮ ಪದೇ ಪದೇ ಕೇಳ್ತಿದಾರೆ, "ಇವನು ವಿಷ ಕುಡಿದು ಸತ್ತನೋ ಮಾತ್ರೆ ಜಾಸ್ತಿ ಆಗಿ ಸತ್ತನೋ, ಮೊದ್ಲು ನೋಡಿದ್ದು ಯಾರು, ಬಾಗಿಲು ಒಳಗಿಂದ ಅಗಳಿ ಹಾಕಿತ್ತಾ?" ಅಂತ. ಇದ್ಯಾವ್ದೂ ಆಟ ಸರಿಯಾಗಿ ಹೇಳ್ತಾನೇ ಇಲ್ಲ. ನಾವು ಎಲ್ಲೋ ಶುರೂನಲ್ಲೇ ತಪ್ಪಿದೀವಾ? ಉತ್ರ ಮಾತ್ರ ಹೇಳ್ಬೇಡಿ, ಅಮ್ಮ ನನ್ನ ಬಿಡಲ್ಲ.

ಹಳೇಫ್ಲಾಪಿ:

ನಿಮ್ಮಮ್ಮ ಕೇಳ್ತಿರೋ ಮೂರೂ ಪ್ರಶ್ನೆಗೂ ಉತ್ರ ಆಟದೊಳಗೆ ಇಲ್ಲ ಮೇಡಂ, ಆಗ ಆಟ ಬರ್ತಿದ್ದ ಪೆಟ್ಟಿಗೇಲಿದೆ. ನೀವು ಫೈಲ್ ಮಾತ್ರ ತಗೊಂಡು ಆಡ್ತಿದೀರಿ ಅನ್ಸುತ್ತೆ.

ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ ಯಾಕಂದ್ರೆ ಈಗ ಡೌನ್‌ಲೋಡ್ ಮಾಡಿ ಆಡೋರು ಎಲ್ರೂ ಇಲ್ಲೇ ಎಡವೋದು. ಡೆಡ್‌ಲೈನ್ ಮಾಡಿದ್ದು ಇನ್ಫೋಕಾಮ್, ಅಮೆರಿಕದ ಎಂಐಟಿಯವ್ರು ಸೇರಿ 1979ರಲ್ಲಿ ಕಟ್ಟಿದ್ ಕಂಪನಿ, ಝೋರ್ಕ್ ಅನ್ನೋ ಟೆಕ್ಸ್ಟ್ ಆಟಾನೂ ಅವರದ್ದೇ. ಝೋರ್ಕ್ ಬರೆದವ್ರಲ್ಲಿ ಒಬ್ರಾದ ಮಾರ್ಕ್ ಬ್ಲಾಂಕ್ ಈ ಕೊಲೆ ಕೇಸ್ ಬರೆದಿದ್ದು. ಆಗಿನ ಫ್ಲಾಪೀಲಿ ಜಾಗ ಸುಮಾರು 80 ಕಿಲೋಬೈಟ್ ಅಷ್ಟೇ, ಇವತ್ತು ನೀವು ವಾಟ್ಸಾಪಲ್ಲಿ ಕಳ್ಸೋ ಒಂದ್ ಫೋಟೋಗಿಂತ ಕಮ್ಮಿ, ಅದ್ರಲ್ಲಿ ಮನೆ, ತೋಟ, ಅಷ್ಟೂ ಜನ, ಅವರ ಮಾತು ಎಲ್ಲಾ ತುಂಬಿಸ್ಬೇಕು. ಕೇಸಿನ ಹಿನ್ನೆಲೆ ಹಾಕೋಕೆ ಜಾಗಾನೇ ಉಳೀಲಿಲ್ಲ. ಅದಕ್ಕೆ ಅದನ್ನೆಲ್ಲಾ ಕಾಗದದ ಮೇಲೆ ಪ್ರಿಂಟ್ ಹಾಕಿ ಪೊಲೀಸ್ ಫೈಲ್ ಥರ ಜೊತೇಲಿ ಕೊಟ್ರು. ಮನೆಯವ್ರ ಹೇಳಿಕೆಗಳು, ಶವಪರೀಕ್ಷೆ ರಿಪೋರ್ಟು, ವಕೀಲರ ಪತ್ರ, ಲೈಬ್ರರಿಯ ಫೋಟೋ, ಒಂದ್ ಪ್ಲಾಸ್ಟಿಕ್ ಚೀಲದಲ್ಲಿ ಬಿಳೀ ಮಾತ್ರೆ ಕೂಡ (ಹೆದರ್ಬೇಡಿ, ಅದು ಮಿಠಾಯಿ). ಜನಕ್ಕೆ ಇದು ಎಷ್ಟು ಹಿಡಿಸ್ತು ಅಂದ್ರೆ ಆಮೇಲಿನ ಇನ್ಫೋಕಾಮ್ ಆಟಗಳಲ್ಲೂ ಪೆಟ್ಟಿಗೆ ತುಂಬಾ ಇಂಥದೇ ಸಾಮಾನು, ಫೀಲೀಸ್ ಅಂತ ಅದಕ್ಕೆ ಹೆಸ್ರೂ ಬಿತ್ತು.

ಆ ಕಾಗದಗಳ ಸ್ಕ್ಯಾನ್ ಹುಡುಕಿದ್ರೆ ಸಿಗುತ್ತೆ. ಪ್ರಿಂಟ್ ತೆಗೆಸಿ ಅಮ್ಮನ ಕೈಗೆ ಕೊಡಿ, ಫೋನಲ್ಲಿ ತೋರಿಸ್ಬೇಡಿ. ಕೈಯಲ್ಲಿ ಹಿಡ್ಕೊಂಡು ಹಿಂದೆ ಮುಂದೆ ತಿರುಗಿಸಿ ಓದ್ಬೇಕು ಅದನ್ನ. ಕನೆಕ್ಟಿಕಟ್‌ನಲ್ಲಿ ಒಬ್ಬ ಶ್ರೀಮಂತ, ಮಾರ್ಷಲ್ ರಾಬ್ನರ್, ಎಬುಲಿಯನ್ ಅನ್ನೋ ಔಷಧಿ ಅತಿಯಾಗಿ ಸತ್ತಿದಾನೆ, ಲೈಬ್ರರಿ ಬಾಗಿಲು ಒಳಗಿಂದ ಅಗಳಿ ಹಾಕಿತ್ತು, ಆದ್ದರಿಂದ ಆತ್ಮಹತ್ಯೆ ಅಂತ ಎಲ್ರೂ ನಂಬಿದಾರೆ. ಆದ್ರೆ ಸಾಯೋಕೆ ಸ್ವಲ್ಪ ದಿನ ಮುಂಚೆ ಆತ ವಿಲ್ ಬದಲಾಯಿಸ್ತೀನಿ ಅಂತ ವಕೀಲರಿಗೆ ಹೇಳಿದ್ದ. ನೀವು ಬೆಳಗ್ಗೆ 8ಕ್ಕೆ ಅಲ್ಲಿ ಹೋಗೋದೇ ಇದಕ್ಕೋಸ್ಕರ. ಹೇಳಿಕೆಗಳನ್ನ ಓದದೆ ಒಳಗೆ ಹೋದ್ರೆ ಯಾರು ಸುಳ್ಳು ಹೇಳ್ತಿದಾರೆ ಅಂತ ಹೇಗ್ ಗೊತ್ತಾಗ್ಬೇಕು, ಹೋಲಿಸಿ ನೋಡೋಕೆ ಇನ್ನೊಂದು ಮಾತೇ ಇರಲ್ವಲ್ಲ.

ಎರಡನೇದು, ಇಲ್ಲಿ ಒಂದು ಆಜ್ಞೆ ಕೊಟ್ರೆ ಹೆಚ್ಚುಕಮ್ಮಿ ಒಂದ್ ನಿಮಿಷ ಹೋಗುತ್ತೆ. ಬೆಳಗ್ಗೆ 8ರಿಂದ ಸಂಜೆ 8, ಹನ್ನೆರಡು ಗಂಟೆ. ನೀವು ಲೈಬ್ರರಿ ಕಾರ್ಪೆಟ್ ಮೇಲೆ ಕೂತು ಪರೀಕ್ಷೆ ಮಾಡ್ತಿರೋವಾಗ ಕೆಳಗೆ ಫೋನ್ ಬರುತ್ತೆ, ಯಾರೋ ಎತ್ತಿ ಮಾತಾಡ್ತಾರೆ, ಅಂಚೆ ಬರುತ್ತೆ, ತೋಟದಲ್ಲಿ ಒಬ್ಬ ಗೊಣಗ್ತಾ ಓಡಾಡ್ತಿರ್ತಾನೆ. ನೀವು ಅಲ್ಲಿದ್ರೆ ಕೇಳುತ್ತೆ, ಇಲ್ದಿದ್ರೆ ಹೋಯ್ತು. ಬೇರೆ ಟೆಕ್ಸ್ಟ್ ಆಟಗಳು ಬೀಗ ಮತ್ತೆ ಬೀಗದಕೈ ಇದ್ದಂಗೆ, ನೀವು ಬರೋವರ್ಗೂ ಕಾಯ್ತಾ ನಿಂತಿರ್ತವೆ. ಈ ಮನೆಯವ್ರು ನಿಮಗೋಸ್ಕರ ಕಾಯಲ್ಲ. 1982ರಲ್ಲಿ ಇದನ್ನ ಮಾಡಿದ್ರಲ್ಲ ಅಂತ ನಂಗೆ ಇವತ್ತಿಗೂ ಮೈ ಜುಂ ಅನ್ನುತ್ತೆ.

ಹಾಗಾಗಿ ಒಂದೇ ದಿನದಲ್ಲಿ ಗೆಲ್ಲೋ ಆಸೆ ಬಿಡಿ. ಒಂದ್ ಸಲ ಬರೀ ಒಬ್ಬರ ಹಿಂದೆ ಸುತ್ತಿ. ಇನ್ನೊಂದ್ ಸಲ ಇನ್ನೊಬ್ರ ಹಿಂದೆ.

ಮಾಳಮಡ್ಡಿ:

ನಾ ಇದನ್ನ ಆಡೇನ್ರಿ, ಮುಗಿಸೂದಕ್ಕ ಎರಡು ತಿಂಗಳ ಹಿಡೀತು. ಫ್ಲಾಪಿ ಅವ್ರು ಹೇಳಿದ್ದು ಖರೇ ಅದ. ನಾ ಒಂದ್ ನೋಟ್‌ಬುಕ್ ಇಟ್ಟಿದ್ದೆ, ಎಡಕ್ಕ ಟೈಮ್ ಬರಿಯೂದು, ಮ್ಯಾಲೆ ಎಲ್ಲಾರ ಹೆಸರು, ಯಾರು ಎಷ್ಟಕ್ಕ ಎಲ್ಲಿದ್ರು ಅಂತ ತುಂಬಿಸ್ಕೋತ ಹೋಗೂದು. ರೈಲ್ವೆ ಟೈಮ್ ಟೇಬಲ್ ಇದ್ದಂಗ. ಮೂರನೇ ದಿನಕ್ಕ ಆ ಹಾಳಿ ನೋಡಿದ್ರ ಸಾಕು, ಎಲ್ಲಿ ಖಾಲಿ ಅದನೋ ಅಲ್ಲೇ ಏನೋ ನಡದದ ಅಂತ ತಿಳೀತದ. ಮಧ್ಯಾಹ್ನ 12ಕ್ಕ ವಿಲ್ ಓದೂದದಲಾ, ಅದಕ್ಕ ತಪ್ಪಸಬ್ಯಾಡ್ರಿ. ಓದಿದ್ ಮ್ಯಾಲೆ ಯಾರು ಎದ್ದು ಎಲ್ಲಿ ಹೊಂಟ್ರು ನೋಡ್ರಿ, ಗಪ್‌ಚುಪ್ ಹಿಂದ ಹೋಗ್ರಿ.

ಮತ್ತ "ರಾಬ್ನರ್ ಬಗ್ಗೆ ಹೇಳು" ಅಂದ್ರ ಯಾರ್ ಖರೇ ಹೇಳ್ತಾರ್ರೀ? ಒಬ್ಬೊಬ್ಬರಿಗೆ ಅವರವರ ಮನಸಿನ್ಯಾಗ ಏನದ ಅದನ್ನ ಕೇಳ್ಬೇಕು. ತೋಟದಾಂವಂಗ ಕೊಲಿ ಬಗ್ಗೆ ಚಿಂತಿ ಇಲ್ಲ, ಅವನ ಗುಲಾಬಿ ಬಗ್ಗೆ ಚಿಂತಿ. ಇಷ್ಟ ಹೇಳ್ತೀನಿ, ಮುಂದ ನಿಮ್ಮ ಅಮ್ಮಾವ್ರು ಹಿಡೀತಾರ.

ತಿರುಗುಬಾಣ:

ಇಬ್ರೂ ಹೇಳಿದ್ದು ಸರಿ, ಆದ್ರೆ ನಂದು ಸ್ವಲ್ಪ ಬೇರೆ ಅಭಿಪ್ರಾಯ. ಮೊದ್ಲ ಬಾರಿಗೆ ಆಡೋರಿಗೆ ಡೆಡ್‌ಲೈನ್ ಕೊಡ್ಬಾರ್ದು. ಅದರ ಪಾರ್ಸರ್ (ಅಂದ್ರೆ ನೀವು ಟೈಪ್ ಮಾಡಿದ್ದನ್ನ ಅರ್ಥ ಮಾಡ್ಕೊಳ್ಳೋ ಭಾಗ) ಆ ಕಾಲಕ್ಕೆ ಅದ್ಭುತ ಹೌದು, ಆಗ ಎಷ್ಟೋ ಆಟಗಳಿಗೆ ಎರಡ್ ಪದಕ್ಕಿಂತ ಜಾಸ್ತಿ ಅರ್ಥಾನೇ ಆಗ್ತಿರ್ಲಿಲ್ಲ. 1980ರ ಮಿಸ್ಟರಿ ಹೌಸ್ ನೋಡಿ, ಕೊಲೆ ಕತೇನೇ, ಗೆರೆ ಚಿತ್ರಾನೂ ಇದೆ, ಆದ್ರೆ ಎರಡೇ ಪದ. ಡೆಡ್‌ಲೈನಲ್ಲಿ ಪೂರ್ತಿ ವಾಕ್ಯ ಹಾಕಿ ಒಬ್ಬರನ್ನ ಒಂದು ವಿಷಯದ ಬಗ್ಗೆ ಕೇಳ್ಬೋದು, ವಸ್ತು ತೋರಿಸ್ಬೋದು, ಬೆರಳಚ್ಚು ತೆಗೀಬೋದು, ಬಚ್ಚಿಟ್ಕೋಬೋದು, ಆರೋಪ ಹೊರಿಸ್ಬೋದು. ಎಲ್ಲಾ ಸರಿ. ಆದ್ರೂ ಒಂದು ಮುಖ್ಯವಾದ ನಿಮಿಷ ತಪ್ಪಿಸ್ಕೊಂಡ್ರೆ ಆ ದಿನ ಪೂರ್ತಿ ದಂಡ, ಮತ್ತೆ ತಪ್ಪಿಸ್ಕೊಂಡಿದೀರಿ ಅಂತ ನಿಮಗೆ ಗೊತ್ತೂ ಆಗಲ್ಲ. ನಂಗೆ ಇದು ಆಟಗಾರರಿಗೆ ಮಾಡೋ ಅನ್ಯಾಯ ಅನ್ಸುತ್ತೆ.

ಇನ್ಫೋಕಾಮ್‌ದೇ ಬೇಕು ಅಂದ್ರೆ 1983ರ ದ ವಿಟ್ನೆಸ್ ತಗೊಳ್ಳಿ, ಸ್ಟೂ ಗ್ಯಾಲಿ ಬರೆದಿದ್ದು, 1938ರ ಲಾಸ್ ಏಂಜಲೀಸ್ ಕಡೆ ನಡೆಯೋ ಕತೆ, ಕೊಲೆ ನಿಮ್ ಕಣ್ಣೆದುರಿಗೇ ಆಗುತ್ತೆ, ಜನ ಕಮ್ಮಿ, ಹಾಗಾಗಿ ಹಿಡಿತ ಸಿಗುತ್ತೆ. 1984ರ ಸಸ್ಪೆಕ್ಟ್ ಬೇಡ, ಅದು ವೇಷ ಹಾಕ್ಕೊಂಡು ಬರೋ ಪಾರ್ಟೀಲಿ ನಡೆಯೋ ಕೊಲೆ, ಅಪವಾದ ನಿಮ್ ತಲೆ ಮೇಲೇ, ಇದಕ್ಕಿಂತ ಕಷ್ಟ. ಹೊಸದ್ರಲ್ಲಿ ಕ್ರಿಸ್ಟೋಫರ್ ಹುವಾಂಗ್ ಬರೆದ ಆನ್ ಆಕ್ಟ್ ಆಫ್ ಮರ್ಡರ್ ಇದೆ, 2007ದು, ಪ್ರತೀ ಸಲ ಶುರು ಮಾಡಿದಾಗ ಕೊಲೆಗಾರ ಬದಲಾಗ್ತಾನೆ, ಅಂದ್ರೆ ಅಮ್ಮ ಒಂದ್ ಸಲ ಮುಗಿಸಿ ಮತ್ತೆ ಆಡ್ಬೋದು. ಫ್ರೀ.

ಸಿಕ್ಕಾಕೊಂಡ್ರೆ ಸುಳಿವು ನೋಡೋದ್ರಲ್ಲಿ ತಪ್ಪೇನೂ ಇಲ್ಲ. ಆ ಕಾಲದಲ್ಲೇ ಇನ್‌ವಿಸಿಕ್ಲೂಸ್ ಅಂತ ಪುಸ್ತಕ ಮಾರ್ತಿದ್ರು, ಪ್ರಶ್ನೆ ಮಾತ್ರ ಕಾಣುತ್ತೆ, ಉತ್ರ ಕಣ್ಣಿಗೆ ಕಾಣದ ಶಾಯೀಲಿ ಇರುತ್ತೆ, ಜೊತೆಗೆ ಕೊಟ್ಟ ಪೆನ್ನಲ್ಲಿ ಉಜ್ಜಿದ್ರೆ ಒಂದೊಂದೇ ಸಾಲು ಮೂಡುತ್ತೆ, ಮೊದಲ್ನೇ ಸಾಲು ಬರೀ ಸೂಚನೆ, ಕೊನೇದು ಪೂರ್ತಿ ಉತ್ರ. ಎಷ್ಟು ಬೇಕೋ ಅಷ್ಟೇ ಉಜ್ಜಿ ನಿಲ್ಲಿಸ್ಬೋದು. ಇಷ್ಟು ಮರ್ಯಾದೆಯಿಂದ ಸುಳಿವು ಕೊಡೋ ಪದ್ಧತಿ ನಾನು ಇನ್ನೆಲ್ಲೂ ನೋಡಿಲ್ಲ.

ಹಳೇಫ್ಲಾಪಿ:

@ತಿರುಗುಬಾಣ ಅನ್ಯಾಯ ಅನ್ನೋದನ್ನ ಒಪ್ಪಲ್ಲ ಸಾರ್. ಅದೇ ದಿನಾನ ಮತ್ತೆ ಮತ್ತೆ ಬದುಕೋದೇ ಆ ಆಟ. ನಿಜವಾದ ಪತ್ತೇದಾರನಿಗೆ ಇಲ್ಲದ ಒಂದು ಅನುಕೂಲ ನಮಗಿದೆ, ಬೆಳಗ್ಗೆ 8 ಗಂಟೆಗೆ ವಾಪಸ್ ಹೋಗೋದು. ಅದನ್ನ ಬಳಸ್ಕೊಂಡ್ರೆ ದಂಡ ಅನ್ನೋ ದಿನಾನೇ ಇಲ್ಲ, ಪ್ರತೀ ದಿನಾನೂ ಒಂದ್ ಸಾಲು ನೋಟ್‌ಬುಕ್ಕಿಗೆ ಸೇರುತ್ತೆ. ವಿಟ್ನೆಸ್ ಸುಲಭ ಅನ್ನೋದು ನಿಜ, ಅದನ್ನ ಒಪ್ತೀನಿ.

ಫೋನಲ್ಲಿ ಟೈಪ್ ಮಾಡೋರಿಗೆ ಒಂದು ಉಪಾಯ: ಈ ಹಳೇ ಆಟಗಳು ಪ್ರತೀ ಪದದ ಮೊದಲ ಆರು ಇಂಗ್ಲಿಷ್ ಅಕ್ಷರ ಮಾತ್ರ ನೋಡ್ತವೆ. ಎಕ್ಸಾಮಿನ್, ಅನಲೈಸ್, ಫಿಂಗರ್‌ಪ್ರಿಂಟ್ ಎಲ್ಲಾ ಆರಕ್ಷರ ಟೈಪ್ ಮಾಡಿ ಬಿಟ್ರೆ ಸಾಕು. ಹೊಸ ಆಟಗಳಲ್ಲಿ ಎಕ್ಸ್ ಅಂತ ಒಂದೇ ಅಕ್ಷರ ಹಾಕಿದ್ರೂ ನಡೆಯುತ್ತೆ, ಇಲ್ಲಿ ಆ ಅಭ್ಯಾಸ ಬಿಡ್ಬೇಕು. ಸೇವ್ ಮಾಡೋದನ್ನ ಮರೀಬೇಡಿ, ಹನ್ನೊಂದೂವರೆಗೆ ಒಂದ್ ಸೇವ್ ಇಟ್ಕೊಳ್ಳಿ.

ಕಾಫಿಪುಡಿ:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಕಾಗದ ಎಲ್ಲಾ ಸಿಕ್ತು, ಮೂಲೆ ಅಂಗಡೀಲಿ ಪ್ರಿಂಟ್ ತೆಗೆಸಿದೆ. ಅಮ್ಮಂಗೆ ಇಂಗ್ಲಿಷ್ ನಿಧಾನಕ್ಕೆ ಓದೋಕೆ ಬರುತ್ತೆ, ಶವಪರೀಕ್ಷೆ ರಿಪೋರ್ಟನ್ನ ಅರ್ಧ ಗಂಟೆ ಹಿಡ್ಕೊಂಡು ಕೂತಿದ್ರು, ಪೆನ್ಸಿಲ್‌ನಲ್ಲಿ ಅಡಿಗೆರೆ ಹಾಕ್ಕೊಂಡು. ಹೇಳಿಕೆಗಳನ್ನ ನಾನು ಓದಿ ಹೇಳಿದೆ, ಸೆಕ್ರೆಟರಿ ಮಿಸ್ ಡನ್ಬಾರ್‌ದು ಮುಗೀತಿದ್ದಂಗೆ "ಇನ್ನೊಂದ್ ಸಲ ಓದು" ಅಂದ್ರು, ಯಾಕೆ ಅಂತ ಹೇಳ್ತಿಲ್ಲ.

ಇನ್ನೊಂದ್ ಪ್ರಶ್ನೆ, ಬೇರೆ ಥ್ರೆಡ್ ಹಾಕ್ಬೇಕೇನೋ, ಇರ್ಲಿ. ಅನುವಾದ ಮಾಡ್ತಾ ಮಾಡ್ತಾ ಅನ್ಸಿದ್ದು, ಇಂಥದ್ದು ಕನ್ನಡದಲ್ಲೇ ಮಾಡೋಕಾಗುತ್ತಾ? ನಾನು ಪ್ರೋಗ್ರಾಮರ್ ಅಲ್ಲ. ಅಮ್ಮ ನೇರವಾಗಿ "ತೋಟಗಾರನ್ನ ಗುಲಾಬಿ ಬಗ್ಗೆ ಕೇಳು" ಅಂತ ಟೈಪ್ ಮಾಡೋ ಹಾಗೆ.

ಪದಬಂಧ_ಪ್ರಿಯೆ:

ಇದನ್ನ ಕೇಳಿದ್ದಕ್ಕೆ ಖುಷಿ ಆಯ್ತು, ನಾನು ಒಂದು ವರ್ಷದಿಂದ ಬಿಡುವು ಸಿಕ್ಕಾಗೆಲ್ಲ ಇದನ್ನೇ ಮಾಡ್ತಾ ಇದೀನಿ. ಮಲೆನಾಡಿನ ಒಂದು ಅಡಿಕೆ ತೋಟದ ಮನೆ, ಆಷಾಢದ ಮಳೆ, ಕರೆಂಟ್ ಇಲ್ಲ, ಹಳ್ಳ ತುಂಬಿ ಯಾರೂ ಹೊರಗೆ ಹೋಗೋ ಹಾಗಿಲ್ಲ, ಅಟ್ಟದಲ್ಲಿ ಯಜಮಾನ್ರು ಸತ್ತಿದಾರೆ. ಟ್ವೈನ್ ಅನ್ನೋ ಟೂಲಲ್ಲಿ ಮಾಡ್ತಿದೀನಿ, ಅದ್ರಲ್ಲಿ ಟೈಪ್ ಮಾಡೋದಿಲ್ಲ, ಆಯ್ಕೆ ಒತ್ತೋದು, ಬ್ರೌಸರಲ್ಲಿ ಓಡುತ್ತೆ, ಕನ್ನಡ ಯುನಿಕೋಡ್ ಹಾಗೇ ಬರುತ್ತೆ. ಪ್ರೋಗ್ರಾಮಿಂಗ್ ಬರದಿದ್ರೂ ಒಂದ್ ವಾರದಲ್ಲಿ ಹಿಡಿತ ಸಿಗುತ್ತೆ, ನಿಮಗೂ ಅದನ್ನೇ ಹೇಳ್ತೀನಿ.

ಆದ್ರೆ ನಾನು ಮುಖ್ಯವಾಗಿ ಹೇಳ್ಬೇಕು ಅನ್ಕೊಂಡಿದ್ದು ಬೇರೆ. ಶುರೂನಲ್ಲಿ ನಾನು ಇಂಗ್ಲಿಷ್ ಆಟಗಳ ಥರಾನೇ ಸುಳಿವು ಇಡ್ತಿದ್ದೆ, ಕಪ್ಪು, ಬೆರಳಚ್ಚು, ಹರಿದ ಕಾಗದ. ಎರಡು ತಿಂಗಳಾದ್ಮೇಲೆ ಹೊಳೀತು, ಕನ್ನಡದಲ್ಲಿ ಮಾತೇ ಸುಳಿವು. ಮನೆ ಕೆಲಸದವಳು ರಾತ್ರಿ ಯಾರನ್ನೋ ನೋಡಿದಾಳೆ, ಹೇಳೋಕೆ ಭಯ. ಇಂಗ್ಲಿಷಲ್ಲಾದ್ರೆ "ಸಮ್‌ಒನ್ ಕೇಮ್" ಅಂತ ದಾಟಿಸಿಬಿಡ್ಬೋದು. ಕನ್ನಡದಲ್ಲಿ "ಬಂದ" ಅಂದ್ರೆ ಗಂಡಸು, "ಬಂದ್ಲು" ಅಂದ್ರೆ ಹೆಂಗಸು, "ಬಂದ್ರು" ಅಂದ್ರೆ ಅವಳು ಮರ್ಯಾದೆ ಕೊಡೋ ಯಾರೋ. ಬಚ್ಚಿಡ್ಬೇಕು ಅಂದ್ರೆ "ಯಾರೋ ಬಂದಂಗಾಯ್ತು" ಅಂತ ತಿರುಗಿಸಿ ಹೇಳ್ಬೇಕು, ಹಾಗೆ ಹೇಳಿದ ಕ್ಷಣಾನೇ ಗಮನ ಇಟ್ಟು ಓದೋರಿಗೆ ಗೊತ್ತಾಗುತ್ತೆ ಇವಳು ಏನೋ ನುಂಗ್ತಿದಾಳೆ ಅಂತ. ನನ್ ಆಟದಲ್ಲಿ ಅವಳು ಮೊದಲ ಸಲ "ಬಂದಂಗಾಯ್ತು" ಅಂತಾಳೆ, ಒಂದ್ ಗಂಟೆ ಬಿಟ್ಟು ಬೇರೇನೋ ಮಾತಾಡ್ತಾ ಬಾಯಿತಪ್ಪಿ "ಬಂದ್ರಲ್ಲ ಆಗ" ಅಂದ್ಬಿಡ್ತಾಳೆ. ಅಷ್ಟೇ. ಆಟ ಅದನ್ನ ಎತ್ತಿ ತೋರಿಸಲ್ಲ.

ಹಾಗೇ ನೀನು, ನೀವು. ಇಬ್ರು ನಮಗೆ ಪರಿಚಯಾನೇ ಇಲ್ಲ ಅಂತ ಹೇಳ್ತಾರೆ, ನಿಮ್ಮೆದುರಿಗೆ ನೀವು, ಬನ್ನಿ, ಹೋಗಿ. ಅಡಿಗೆಮನೆ ಬಾಗಿಲ ಹಿಂದೆ ನಿಂತು ಕೇಳಿದ್ರೆ "ಏನೋ, ನಿಂಗೆ ಬುದ್ಧಿ ಇದ್ಯಾ" ಅಂತಿರ್ತಾರೆ. ಅಲ್ಲಿಗೆ ಅವರ ಹೇಳಿಕೆ ಸುಳ್ಳು ಅಂತ ಸಾಬೀತು. ಮತ್ತೆ ಹಳೇ ಕಾಲದ ಹೆಂಡತಿ ಗಂಡನ ಹೆಸರು ಹಿಡಿದು ಮಾತಾಡಲ್ಲ, "ಇವ್ರು", "ನಮ್ಮನೆಯವ್ರು" ಅಂತಾಳೆ. ಸತ್ತ ಮಾರನೇ ದಿನ ಅವಳು ಹೆಸರು ಹೇಳೋಕೆ ಶುರು ಮಾಡಿದ್ರೆ? ಇದನ್ನ ಬರೆದಾಗ ನಂಗೇ ಎದೆ ಧಡಕ್ ಅಂತು. ಹೀಗಾಗಿ ನೀವು ಡೆಡ್‌ಲೈನನ್ನ ಕನ್ನಡಕ್ಕೆ ತರೋಕೆ ಹೋಗ್ಬೇಡಿ, ಅಮ್ಮನ ಜೊತೆ ಕೂತು ಒಂದ್ ಮನೆ ಕಟ್ಟಿ. ಮನೆಯವ್ರು ಒಬ್ಬೊಬ್ರು ಒಬ್ಬೊಬ್ರನ್ನ ಏನಂತ ಕರೀತಾರೆ ಅಂತ ಮೊದ್ಲು ಬರ್ಕೊಳ್ಳಿ, ಕೊಲೆ ಆಮೇಲೆ.

ಹಳೇಫ್ಲಾಪಿ:

ಇದನ್ನ ಓದಿ ಎರಡು ನಿಮಿಷ ಸುಮ್ನೆ ಕೂತಿದ್ದೆ. ಬೇಗ ಮುಗಿಸಿ ಮೇಡಂ, ಮೊದಲ್ನೇ ಆಟಗಾರ ನಾನು.

ಟೈಪ್ ಮಾಡೋ ಆಟಾನೇ ಕನ್ನಡದಲ್ಲಿ ಬೇಕು ಅನ್ನೋರಿಗೆ ಎರಡ್ ಮಾತು. ಇನ್ಫೋಕಾಮ್ ಆಟಗಳು ಇವತ್ತಿಗೂ ಫೋನಲ್ಲಿ ಓಡೋದಕ್ಕೆ ಕಾರಣ ಝಡ್-ಮಷೀನ್, ಕಾಲ್ಪನಿಕ ಕಂಪ್ಯೂಟರ್ ಅದು, ಪ್ರತೀ ನಿಜವಾದ ಕಂಪ್ಯೂಟರಿಗೂ ಅದನ್ನ ನಡೆಸೋ ಒಂದು ಚಿಕ್ಕ ಪ್ರೋಗ್ರಾಮ್ ಬರೆದ್ರೆ ಸಾಕು, ಆಟದ ಫೈಲ್ ಮುಟ್ಟೋದೇ ಬೇಡ. ಕಂಪನೀನ 1986ರಲ್ಲಿ ಆಕ್ಟಿವಿಷನ್ ಕೊಂಡ್ಕೊಂಡು 1989ರಲ್ಲಿ ಮುಚ್ಚಿದ್ರೂ ಝಡ್-ಮಷೀನ್ ಉಳೀತು, 1993ರಲ್ಲಿ ಗ್ರಹಾಂ ನೆಲ್ಸನ್ ಇನ್ಫಾರ್ಮ್ ಅನ್ನೋ ಆಟ ಬರೆಯೋ ಭಾಷೆ ಮಾಡಿದ್ಮೇಲೆ ಯಾರು ಬೇಕಾದ್ರೂ ಅದಕ್ಕೆ ಆಟ ಬರೆಯೋ ಹಾಗಾಯ್ತು. ಆದ್ರೆ ಝಡ್-ಮಷೀನಿನ ನಿಘಂಟು (ಆಟಕ್ಕೆ ಗೊತ್ತಿರೋ ಪದಗಳ ಪಟ್ಟಿ) ಇಂಗ್ಲಿಷಿಗೆ ಹೊಲಿಸಿದ ಅಂಗಿ. ಆಮೇಲಿನ ಆವೃತ್ತೀಲೂ ಒಂದ್ ಪದಕ್ಕೆ ಒಂಬತ್ತು ಮನೆ, ಇಂಗ್ಲಿಷ್ ಅಕ್ಷರ ಒಂದು ಮನೇಲಿ ಕೂರುತ್ತೆ, ಹೊರಗಿನ ಅಕ್ಷರಕ್ಕೆ ನಾಲ್ಕು ಮನೆ ಬೇಕು. ಸುಮ್ನೆ ಹಾಗೇ ಕನ್ನಡ ತುಂಬಿದ್ರೆ ಎರಡೇ ಚಿಹ್ನೆ ಪೂರ್ತಿ ಹಿಡಿಯೋದು. ಗ ಒಂದು, ಕೊಂಬು ಒಂದು, ಮುಗೀತು. ಅಂದ್ರೆ ಅದಕ್ಕೆ ಗುಲಾಬಿಗೂ ಗುದ್ದಲಿಗೂ ವ್ಯತ್ಯಾಸಾನೇ ತಿಳಿಯಲ್ಲ! ಇನ್ಫಾರ್ಮ್‌ನಲ್ಲೇ ಗ್ಲಲ್ಕ್ಸ್ ಅಂತ ಝಡ್-ಮಷೀನ್ ಥರದ್ದೇ ಇನ್ನೊಂದು ಕಾಲ್ಪನಿಕ ಕಂಪ್ಯೂಟರಿಗೂ ಬರೀಬೋದು, ಯುನಿಕೋಡ್ ಅಕ್ಷರಾನೂ ಪದದ ಉದ್ದಾನೂ ನಾವು ಹೇಳಿದಷ್ಟು ಇಟ್ಕೊಳ್ಳುತ್ತೆ, ಅದ್ರಲ್ಲಿ ಶುರು ಮಾಡ್ಬೇಕು.

ವ್ಯಾಕರಣ ಮಾತ್ರ ನಮ್ಮ ಕಡೇನೇ ಇದೆ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೇಲಿ ಬರುತ್ತೆ, ಕೊನೇ ಪದ ನೋಡಿದ್ರೆ ಏನ್ ಮಾಡ್ಬೇಕು ಗೊತ್ತಾಯ್ತು. ಯಾರಿಗೆ, ಯಾವುದನ್ನ, ಯಾವುದರಿಂದ ಅನ್ನೋದು ಪ್ರತ್ಯಯದಲ್ಲೇ ಇರುತ್ತೆ, "ಡಫಿಗೆ ಕಪ್ಪನ್ನ ಕೊಡು" ಅಂದ್ರೂ "ಕಪ್ಪನ್ನ ಡಫಿಗೆ ಕೊಡು" ಅಂದ್ರೂ ಒಂದೇ. ಕಷ್ಟ ಇರೋದು ಜನ ಟೈಪ್ ಮಾಡೋ ರೀತೀಲಿ. ಕಪ್ಪನ್ನು, ಕಪ್ಪನ್ನ, ಕಪ್ನ, ಬರೀ ಕಪ್, ಎಲ್ಲಾನೂ ಒಂದೇ ಅಂತ ಅದಕ್ಕೆ ಕಲಿಸ್ಬೇಕು.

ಮಾಳಮಡ್ಡಿ:

ನಮ್ಮ ಕಡೆ "ಕಪ್ ಕೊಡ" ಅಂತೀವಿ, ಅದನ್ನೂ ಸೇರಿಸ್ರಿ. ಧಾರವಾಡದ ಮಾತು ತಿಳೀಲಿಲ್ಲ ಅಂದ್ರ ನಾವು ಆಡೂದ್ ಹ್ಯಾಂಗ?

ಕಾಫಿಪುಡಿ:

ಅಪ್ಡೇಟ್ ಕೊಡೋಣ ಅಂತ ಬಂದೆ. ನಿನ್ನೆ ಮೂರನೇ ದಿನ ಆಡಿದ್ವಿ. ಅಮ್ಮ ರೂಲ್ ಪೆನ್ಸಿಲ್ ತಗೊಂಡು ನಂದೊಂದು ಹಳೇ ಲೆಕ್ಕದ ಪುಸ್ತಕದಲ್ಲಿ ಟೈಮ್ ಟೇಬಲ್ ಹಾಕಿದ್ರು, ಮಾಳಮಡ್ಡಿ ಅವ್ರು ಹೇಳಿದ ಹಾಗೇನೆ. ಲೈಬ್ರರಿ ಕಡೆ ಹೋಗೋದೇ ಬೇಡ ಅಂದ್ರು, ಸೀದಾ ತೋಟಕ್ಕೆ. ತೋಟಗಾರ ಮೆಕ್‌ನ್ಯಾಬ್‌ನನ್ನ ಗುಲಾಬಿ ಬಗ್ಗೆ ಕೇಳಿದ್ವಿ. ಅವನು ಏನ್ ಹೇಳ್ದ ಅಂತ ಇಲ್ಲಿ ಬರೆಯಲ್ಲ, ಇನ್ನೂ ಆಡದೆ ಇರೋರು ಓದ್ತಿರ್ಬೋದು, ಆದ್ರೆ ಅವನು ಹೇಳಿದ್ದನ್ನ ಕನ್ನಡದಲ್ಲಿ ಹೇಳ್ತಿದ್ದಂಗೆ ಅಮ್ಮ ದಿಂಬು ಬಿಟ್ಟು ಎದ್ದು ಕೂತ್ರು. ಡಾಕ್ಟ್ರು ಹಾಗೆ ಥಟ್ಟಂತ ಏಳ್ಬಾರ್ದು ಅಂದಿದಾರೆ.

ಆಮೇಲೆ ಅಡಿಗೆಮನೆಗೆ ಹೋಗಿ ಪಿಂಗಾಣಿ ಸಾಮಾನು ನೋಡು ಅಂದ್ರು. ಯಾಕಮ್ಮ ಅಂದೆ. "ಮನೆ ಹೆಂಗಸಿಗೆ ಕಪ್ ಎಷ್ಟಿದೆ ಅಂತ ಗೊತ್ತಿರುತ್ತೆ ಕಣೇ, ಬಂದವ್ರಿಗೆ ಗೊತ್ತಿರಲ್ಲ" ಅಂದ್ರು. ಅಲ್ಲಿ ಇಟ್ಟು ಸೇವ್ ಮಾಡಿದೀವಿ, ಆಟದಲ್ಲಿ ಈಗ 11:34. ರಾತ್ರಿ ಊಟ ಆದ್ಮೇಲೆ ವಿಲ್ ಓದೋದು ಕೇಳೋಕೆ ಕೂರ್ತೀವಿ. ಪಕ್ಕದ ಮನೆ ಆಂಟೀನೂ ಬರ್ತೀನಿ ಅಂದಿದಾರೆ, ಅವ್ರಿಗೆ ವಕೀಲರ ಪತ್ರ ಓದೋಕೆ ಕೊಟ್ಟು ಕಳ್ಸಿದೀನಿ.